ಫುಟ್‌ಬಾಲ್ ಮ್ಯಾನೇಜರ್ 2024: ಟ್ಯಾಕ್ಟಿಕ್ಸ್ ಸೂಪರ್, ಕ್ಲಬ್ ರಾಜಕೀಯ ಅರ್ಧಂಬರ್ಧ

ದಾವಣಗೆರೆಯಲ್ಲಿ ಫುಟ್‌ಬಾಲ್ ನೋಡೋರು ಕಮ್ಮಿ, ವಿನಯ್ ಕುಮಾರ್ ಊರು ಅಂದ್ಮೇಲೆ ಕ್ರಿಕೆಟ್ಟೇ ದೊಡ್ಡದು, ಆದ್ರೆ ನೋಡೋರು ಮಾತ್ರ ಜೀವ ಬಿಟ್ಟು ನೋಡ್ತಾರೆ. ರಾತ್ರಿ ಒಂದೂವರೆಗೆ ಶುರುವಾಗೋ ಯುರೋಪಿನ ಚಾಂಪಿಯನ್ಸ್ ಲೀಗ್ ಮ್ಯಾಚ್ ಮುಗಿಸ್ಕೊಂಡು ಬೆಳಗ್ಗೆ ಡ್ಯೂಟಿಗೆ ಹೋಗೋರು ಪಿಜೆ ಎಕ್ಸ್‌ಟೆನ್ಶನ್‌ನಲ್ಲೇ ಇದಾರೆ. ಇವರೆಲ್ಲ ಸಂಜೆ ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಮುಂದೆ ಸೇರಿದ್ರೆ ಮಾತು ಎಲ್ಲೆಲ್ಲೋ ಸುತ್ತಿ ಒಂದೇ ಜಗಳಕ್ಕೆ ಬರುತ್ತೆ, ಮ್ಯಾನೇಜರ್‌ಗೆ, ಅಂದ್ರೆ ಟೀಮ್ ನಡೆಸೋ ಕೋಚ್‌ಗೆ, ಟ್ಯಾಕ್ಟಿಕ್ಸ್ (ಮೈದಾನದ ತಂತ್ರ) ಮುಖ್ಯಾನಾ ಇಲ್ಲ ಕ್ಲಬ್ ಒಳಗಿನ ರಾಜಕೀಯ ಸಂಭಾಳಿಸೋದು ಮುಖ್ಯಾನಾ ಅಂತ. "ಲೇ, ಆಟ ಗೊತ್ತಿದ್ರೆ ಸಾಕಲೇ, ಉಳಿದಿದ್ದೆಲ್ಲ ಬರೀ ಚಮಚಾಗಿರಿ" ಅಂತಾನೆ ನಮ್ಮ ಒಬ್ಬ ದೋಸ್ತ. ನಾನು ಒಪ್ಪಲ್ಲ. ಯಾಕೆ ಒಪ್ಪಲ್ಲ ಅನ್ನೋದನ್ನ ಈ ಗೇಮ್ ಇಟ್ಕೊಂಡೇ ಹೇಳ್ತೀನಿ, ಯಾಕಂದ್ರೆ ಎರಡನ್ನೂ ಕೂತು ಆಡಿ ನೋಡೋ ಅವಕಾಶ ಇದರಲ್ಲೈತೆ.

ಗೊತ್ತಿಲ್ದೇ ಇರೋರಿಗೆ ಒಂದೆರಡು ಮಾತು. ಇದರಲ್ಲಿ ನೀವು ಬಾಲ್ ಒದೆಯಲ್ಲ, ಮ್ಯಾನೇಜರ್ ಕುರ್ಚಿ ಮೇಲೆ ಕೂರ್ತೀರಿ. ಮಾಡಿರೋದು ಸ್ಪೋರ್ಟ್ಸ್ ಇಂಟರಾಕ್ಟಿವ್, ಮಾರೋದು ಸೆಗಾ, 2023ರ ನವೆಂಬರ್‌ನಲ್ಲಿ ಬಂತು. ಮುಂದಿನ ವರ್ಷದ 2025 ಎಡಿಶನ್ ಕ್ಯಾನ್ಸಲ್ಲೇ ಆಗೋಯ್ತು, ಹಂಗಾಗಿ 2025ರ ನವೆಂಬರ್‌ಗೆ ಹೊಸದು ಬರೋ ತನಕ ಜನ ಇದನ್ನೇ ಆಡಿದ್ರು, ನಾನು ಈಗ್ಲೂ ಇದನ್ನೇ ಆಡ್ತಿದೀನಿ. ಬೆಂಗಳೂರು ಎಫ್‌ಸಿನೂ ಐತೆ, ನಾನು ತಗೊಂಡಿದ್ದು ಅದನ್ನೇ.

ಟ್ಯಾಕ್ಟಿಕ್ಸ್ ವಿಷಯಕ್ಕೆ ಬಂದ್ರೆ ಇದಕ್ಕೆ ಕೈ ಮುಗೀಬೇಕು. ಒಂದು ಮ್ಯಾಚ್ ಹೇಳ್ತೀನಿ ನೋಡ್ರಿ. 4-2-3-1 (ಹಿಂದೆ ನಾಲ್ಕು ಡಿಫೆಂಡರ್, ಅವರ ಮುಂದೆ ಇಬ್ಬರು, ಆಮೇಲೆ ಮೂವರು, ತುದಿಯಲ್ಲಿ ಒಬ್ಬ) ಆಡಿಸ್ತಿದ್ದೆ, ಎಡಗಡೆ ಅಂಚಲ್ಲಿ ಆಡೋ ವಿಂಗರ್ ಒಳಗೆ ಬರ್ತಾನೆ, ಅವನ ಹಿಂದಿಂದ ಲೆಫ್ಟ್ ಬ್ಯಾಕ್ (ಎಡಗಡೆ ಡಿಫೆಂಡರ್) ಓಡಿ ಮೇಲೆ ಹೋಗ್ತಾನೆ, ನೋಡೋಕೆ ಭಾಳ ಚಂದ, ಒಂದು ಗೋಲೂ ಬಂತು. ಆದ್ರೆ ಎದುರಾಳಿ ರೈಟ್ ವಿಂಗರ್ ಕೆಳಗೆ ಇಳೀತಾನೇ ಇರ್ಲಿಲ್ಲ, ನಮ್ಮ ಲೆಫ್ಟ್ ಬ್ಯಾಕ್ ಬಿಟ್ಟು ಹೋದ ಖಾಲಿ ಜಾಗದಲ್ಲೇ ಕಾಯ್ತಾ ನಿಂತಿರ್ತಿದ್ದ, ಬಾಲ್ ನಮ್ಮ ಕೈ ತಪ್ಪಿದ ತಕ್ಷಣ ಅಲ್ಲಿಗೇ ಉದ್ದ ಪಾಸ್. ಮೈದಾನವನ್ನ ಮೇಲಿಂದ ತೋರಿಸೋ 2ಡಿ ವ್ಯೂ ಹಾಕ್ಕೊಂಡ್ರೆ ಇದು ಅಂಗೈ ಮೇಲಿನ ಗೆರೆ ತರ ಕಾಣುತ್ತೆ. ಲೆಫ್ಟ್ ಬ್ಯಾಕ್‌ನ ಅಟ್ಯಾಕ್‌ನಿಂದ ಸಪೋರ್ಟ್‌ಗೆ ಇಳಿಸಿ, ಅಂದ್ರೆ ಮೇಲೆ ಓಡೋದನ್ನ ಕಮ್ಮಿ ಮಾಡಿಸಿ, ಡಿಫೆನ್ಸ್ ಮುಂದೆ ನಿಲ್ಲೋ ಇಬ್ಬರು ಹೋಲ್ಡಿಂಗ್ ಮಿಡ್‌ಫೀಲ್ಡರ್‌ಗಳಲ್ಲಿ ಒಬ್ಬನ್ನ ಡಿಫೆಂಡ್ ಅಂತ ಇಟ್ಟೆ ಅಷ್ಟೇ, ಆ ದಾರಿ ಮುಚ್ಚೋಯ್ತು. ಆದ್ರೆ ಅದೇ ಹೊತ್ತಿಗೆ ನಮ್ಮ ವಿಂಗರ್‌ಗೆ ಜೊತೆ ಇಲ್ದಂಗಾಗಿ ಅವನ ಆಟನೂ ಸಪ್ಪೆ ಆಯ್ತು. ಒಂದು ಕಡೆ ಎಳೆದ್ರೆ ಇನ್ನೊಂದು ಕಡೆ ಕಮ್ಮಿ ಬೀಳುತ್ತೆ ಅನ್ನೋದನ್ನ ಇಷ್ಟು ಪ್ರಾಮಾಣಿಕವಾಗಿ ತೋರಿಸೋ ಗೇಮ್ ನಾನು ಬೇರೆ ನೋಡಿಲ್ಲ, ಇದನ್ನ ಆಡಿದ್ಮೇಲೆ ಟಿವಿಯಲ್ಲಿ ಮ್ಯಾಚ್ ನೋಡೋ ಕಣ್ಣೇ ಬೇರೆ ಆಗುತ್ತೆ.

ಈಗ ರಾಜಕೀಯ. ಇಲ್ಲೂ ಒಳ್ಳೆ ಕೆಲಸ ಮಾಡಿದಾರೆ, ಅದನ್ನ ಮೊದ್ಲು ಹೇಳ್ಬೇಕು. ಡೈನಾಮಿಕ್ಸ್ ಅಂತ ಒಂದು ಪೇಜ್ ಐತೆ, ಡ್ರೆಸ್ಸಿಂಗ್ ರೂಮಲ್ಲಿ ಯಾರ ಮಾತು ನಡಿಯುತ್ತೆ, ಯಾರ ಗುಂಪಲ್ಲಿ ಯಾರಿದಾರೆ ಎಲ್ಲ ಅಲ್ಲಿ ಕಾಣುತ್ತೆ. ನಮ್ಮ ಟೀಮಲ್ಲಿ ವಯಸ್ಸಾದ ಒಬ್ಬ ಸೆಂಟರ್ ಬ್ಯಾಕ್, ಅವನೇ ಟೀಮ್ ಲೀಡರ್, ಕಾಂಟ್ರ್ಯಾಕ್ಟ್ ಟೈಮಲ್ಲಿ ಅವನಿಗೆ ರೆಗ್ಯುಲರ್ ಆಗಿ ಆಡಿಸ್ತೀನಿ ಅಂತ ಮಾತು ಕೊಟ್ಟಾಗಿತ್ತು. ಕ್ಲಬ್ ನಡೆಸೋ ಬೋರ್ಡ್ ಬೇರೆ ಚಿಕ್ಕ ಹುಡುಗರನ್ನ ಬೆಳೆಸಿ ಅಂತ ಹೇಳಿತ್ತು. ಹುಡುಗನ್ನ ಇಳಿಸಿದೆ, ಇವನು ಆಫೀಸಿಗೆ ಬಂದ, ಒಪ್ಪಿಸೋಕೆ ಆಗ್ಲಿಲ್ಲ, ಮಾರನೇ ವಾರ ಅವನ ಗುಂಪಿನವರೆಲ್ಲ ಮುಖ ಊದಿಸ್ಕೊಂಡು ಬಂದು ನಿಂತ್ರು. ಮೈದಾನದಲ್ಲಿ ಒಂದು ಪಾಸ್‌ಕೂಡ ಬದಲಾಗಿಲ್ಲ, ಫಾರ್ಮೇಶನ್ ಅದೇ, ರೋಲ್ ಅದೇ, ಆದ್ರೂ ಟೀಮ್ ಸೋಲೋಕೆ ಶುರು ಮಾಡ್ತು. ನಮ್ಮ ದೋಸ್ತ ಚಮಚಾಗಿರಿ ಅಂತಾನಲ್ಲ, ಅದು ಇದು!

ಕಮ್ಮಿ ಬೀಳೋದು ಎಲ್ಲಿ ಅಂದ್ರೆ, ಗೇಮಲ್ಲಿ ಎಲ್ಲರೂ ಮನಸಲ್ಲಿರೋದನ್ನ ಬರೆದು ಕೊಡ್ತಾರೆ. ಬೋರ್ಡ್‌ಗೆ ಏನು ಬೇಕು ಅನ್ನೋದು ಲಿಸ್ಟ್‌ನಲ್ಲೈತೆ, ಎಷ್ಟು ಖುಷಿಯಾಗಿದಾರೆ ಅನ್ನೋದಕ್ಕೆ ಎ, ಬಿ, ಸಿ ಅಂತ ಗ್ರೇಡ್ ಐತೆ. ನಿಜವಾದ ಕ್ಲಬ್‌ನಲ್ಲಿ ಯಾರು ಹಂಗೆ ಹೇಳ್ತಾರೆ? ಕೋಚ್ ವಿಸೆಂಟೆ ಡೆಲ್ ಬಾಸ್ಕೆ ರಿಯಲ್ ಮ್ಯಾಡ್ರಿಡ್‌ಗೆ 2000 ಮತ್ತು 2002ರಲ್ಲಿ ಚಾಂಪಿಯನ್ಸ್ ಲೀಗ್ ಗೆಲ್ಲಿಸಿದ, 2003ರಲ್ಲಿ ಸ್ಪೇನ್ ಲೀಗ್ ಲಾ ಲಿಗಾನೂ ಗೆಲ್ಲಿಸಿದ, ಅದಾದ ತಕ್ಷಣವೇ ಮನೆಗೆ ಕಳಿಸಿದ್ರು. ಈ ಗೇಮಲ್ಲಿ ಆ ರಿಸಲ್ಟ್ ತಂದ್ರೆ ನಿಮ್ಮನ್ನ ತೆಗಿಯೋರೇ ಇಲ್ಲ.

ಇನ್ನು ನಮ್ಮ ದೇಶದ್ದೇ ತಗೊಳ್ರಿ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕ್ಲಬ್‌ಗಳು ಆಟಗಾರರನ್ನ ಬಿಡೋಕೆ ಹಿಂದೆ ಮುಂದೆ ನೋಡಿದ್ವು, ಅಲ್ಲಿ ಇಲ್ಲಿ ಸೇರಿಸಿ ಕಟ್ಟಿದ ಟೀಮ್ ಪಂದ್ಯದ ಹಿಂದಿನ ದಿನವಷ್ಟೇ ಹೋಗಿ ಇಳೀತು, ಚೀನಾ ಕೈಲಿ 5-1 ಸೋಲು. ಇದನ್ನ ಕೋಚ್ ಇಗೋರ್ ಸ್ಟಿಮಾಚ್ ಟ್ಯಾಕ್ಟಿಕ್ಸ್ ಲೆಕ್ಕಕ್ಕೆ ಬರೀತೀರಾ? ಪ್ರಾಕ್ಟೀಸೇ ಇಲ್ದೆ ಯಾವ ಪ್ರೆಸಿಂಗು, ಯಾವ ಫಾರ್ಮೇಶನ್ನು? ಗೇಮಲ್ಲಿ ನ್ಯಾಷನಲ್ ಟೀಮ್ ಲಿಸ್ಟ್ ಕಳಿಸಿದ್ರೆ ಆಟಗಾರರು ಬಂದು ನಿಲ್ತಾರೆ, ಫೆಡರೇಶನ್ನು ಕ್ಲಬ್ಬು ಲೀಗು ಮೂವರೂ ಜಗ್ಗಾಡೋದು ಅಲ್ಲಿಲ್ಲ. ನಮ್ಮೋರಿಗೆ ಬೇಕಾಗಿರೋ ಪಾಠ ಅದೇ ಆಗಿತ್ತು.

ಪ್ರೆಸ್ ಮೀಟ್ ಬಗ್ಗೆ ಜಾಸ್ತಿ ಹೇಳಲ್ಲ, ಅದೇ ಪ್ರಶ್ನೆ ಅದೇ ಉತ್ತರ, ಸ್ವಲ್ಪ ದಿನಕ್ಕೆ ಅಸಿಸ್ಟೆಂಟ್‌ನ ಕಳಿಸೋಕೆ ಶುರು ಮಾಡ್ತೀರಿ.

ನನ್ನ ದೊಡ್ಡ ತಕರಾರು ಇನ್ನೊಂದೈತೆ. ಟ್ಯಾಕ್ಟಿಕ್ಸ್ ಒಂದು ಪೇಜು, ಜನರ ವಿಷಯ ಇನ್ನೊಂದು ಪೇಜು ಅಂತ ಬೇರೆ ಬೇರೆ ಇಟ್ಟಿರೋದ್ರಿಂದ, ಇವೆರಡು ಬೇರೆ ಬೇರೆ ವಿದ್ಯೆ ಅಂತ ಆಡೋರ ತಲೇಲಿ ಕೂತ್ಬಿಡುತ್ತೆ. ಇಟಲಿಯ ಕೋಚ್ ಕಾರ್ಲೊ ಆಂಚೆಲೊಟ್ಟಿನ ನೋಡ್ರಿ. ಪಾರ್ಮಾದಲ್ಲಿದ್ದಾಗ 1997ರಲ್ಲಿ ರಾಬರ್ಟೊ ಬ್ಯಾಜಿಯೊ ಬರೋಕೆ ರೆಡಿ ಇದ್ದ, ನನ್ನ 4-4-2ನಲ್ಲಿ ನಂಬರ್ 10ಗೆ (ಸ್ಟ್ರೈಕರ್ ಹಿಂದೆ ಆಡೋನಿಗೆ) ಜಾಗ ಇಲ್ಲ ಅಂತ ಆಂಚೆಲೊಟ್ಟಿ ಬೇಡ ಅಂದ. ಬ್ಯಾಜಿಯೊ ಬೊಲೊನ್ಯಾಗೆ ಹೋಗಿ ಆ ಸೀಸನ್ ಲೀಗಲ್ಲಿ 22 ಗೋಲ್ ಹೊಡೆದ. ಮುಂದೆ ಇದೇ ಆಂಚೆಲೊಟ್ಟಿ ಮಿಲಾನ್‌ನಲ್ಲಿ ಪಿರ್ಲೊನ ಡಿಫೆನ್ಸ್ ಮುಂದೆ ಕೆಳಗಿಳಿಸಿ, ಸೀಡಾರ್ಫ್, ರೂಯಿ ಕೋಸ್ಟಾ ಎಲ್ಲರಿಗೂ ಒಂದೇ ಟೀಮಲ್ಲಿ ಜಾಗ ಮಾಡಿ 2003ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ. ಅದು ಟ್ಯಾಕ್ಟಿಕ್ಸಾ, ಜನರನ್ನ ಸಂಭಾಳಿಸಿದ್ದಾ? ಬರ್ಲುಸ್ಕೋನಿ, ಅಬ್ರಮೊವಿಚ್, ಪೆರೆಜ್ ಅಂಥ ಮಾಲೀಕರು, ಅಧ್ಯಕ್ಷರ ಕೈಕೆಳಗೆ ಕೆಲಸ ಮಾಡಿ ಕೋಚಾಗಿ ಐದು ಚಾಂಪಿಯನ್ಸ್ ಲೀಗ್ ಗೆದ್ದಿರೋನಿಗೆ ಬರೀ ಹುಬ್ಬು ಹಾರಿಸೋಕೆ (ಅದು ಅವನ ಫೇಮಸ್ ಸ್ಟೈಲು) ಬರುತ್ತೆ ಅಂತ ಹೇಳೋರನ್ನ ಕಂಡ್ರೆ ನನಗೆ ನಿಜವಾಗ್ಲೂ ಬೇಜಾರಾಗುತ್ತೆ.

ಅದರ ಎದುರು ಇಟಲಿಯವನೇ ಆದ ಇನ್ನೊಬ್ಬ ಕೋಚ್ ಆಂಟೋನಿಯೊ ಕೊಂಟೆ. ಯುವೆಂಟಸ್, ಚೆಲ್ಸಿ, ಇಂಟರ್, ನಾಪೊಲಿ, ನಾಲ್ಕು ಕ್ಲಬ್‌ನಲ್ಲಿ ಲೀಗ್ ಗೆದ್ದೋನು, 2016ರಲ್ಲಿ ಆರ್ಸೆನಲ್ ಕೈಲಿ 3-0 ಸೋತ್ಮೇಲೆ ಚೆಲ್ಸಿನ ಮೂರು ಡಿಫೆಂಡರ್ ಆಟಕ್ಕೆ ತಿರುಗಿಸಿ ಅದೇ ಸೀಸನ್ ಲೀಗ್ ಹೊಡೆದ. ತಲೆ ಬಗ್ಗೆ ಎರಡು ಮಾತಿಲ್ಲ. ಆದ್ರೆ 2021ರಲ್ಲಿ ಇಂಟರ್‌ಗೆ ಲೀಗ್ ಗೆಲ್ಲಿಸಿದ ತಿಂಗಳಲ್ಲೇ ಹೊರಗೆ, 2023ರ ಮಾರ್ಚ್‌ನಲ್ಲಿ ಸೌತಾಂಪ್ಟನ್ ಜೊತೆ 3-3 ಆದ್ಮೇಲೆ ಟಾಟನ್‌ಹ್ಯಾಮ್ ಆಟಗಾರರನ್ನೂ ಕ್ಲಬ್‌ನೂ ಮೈಕ್ ಮುಂದೆ ಬೈದು ಎಂಟೇ ದಿನಕ್ಕೆ ಅಲ್ಲಿಂದಲೂ ಹೊರಗೆ. ಒಂದು ಸೀಸನ್‌ಗೆ ಯಾರು ಬೇಕು ಅಂದ್ರೆ ನಾನು ಕೊಂಟೆ ಅಂತೀನಿ, ಐದು ವರ್ಷಕ್ಕೆ ಅಂದ್ರೆ ಕಣ್ಣು ಮುಚ್ಚಿ ಆಂಚೆಲೊಟ್ಟಿ.

ಸ್ಟಾರ್ ಕೊಡೋದಾದ್ರೆ ಐದಕ್ಕೆ ನಾಲ್ಕು. ಅರ್ಧ ಸ್ಟಾರ್ ಪ್ರೆಸ್ ಮೀಟ್‌ಗೆ ಹೋಯ್ತು, ಇನ್ನರ್ಧ ಬೋರ್ಡ್‌ನವರು ಅಷ್ಟೊಂದು ಸಾಚಾ ಆಗಿರೋದಕ್ಕೆ. ಹೊಸದಾಗಿ ಆಡೋರು ರಿಯಲ್ ಮ್ಯಾಡ್ರಿಡ್, ಮ್ಯಾಂಚೆಸ್ಟರ್ ಸಿಟಿ ಅಂತ ಹೋಗಬೇಡ್ರಿ, ಬೆಂಗಳೂರು ಎಫ್‌ಸಿ ತಗೊಳ್ರಿ, ಸ್ಯಾಲರಿ ಬಜೆಟ್ ಕೈ ಕಟ್ಟಿರುತ್ತೆ, ಪ್ರತಿ ಕಾಂಟ್ರ್ಯಾಕ್ಟ್‌ಗೂ ತಲೆ ಕೆಡಿಸ್ಕೋಬೇಕಾಗುತ್ತೆ. ಲ್ಯಾಪ್‌ಟಾಪ್ ಹಳೇದಾಗಿದ್ರೆ 3ಡಿ ಆಫ್ ಮಾಡಿ 2ಡಿಯಲ್ಲೇ ಆಡ್ರಿ, ಲೋಡ್ ಮಾಡೋ ದೇಶಗಳನ್ನೂ ಕಮ್ಮಿ ಇಟ್ಕೊಳ್ರಿ, ಇಲ್ಲಾಂದ್ರೆ ಒಂದು ದಿನ ಮುಂದೆ ಹೋಗೋಕೆ ಚಹಾ ಕುಡ್ಕೊಂಡು ಬರೋಷ್ಟು ಹೊತ್ತು ತಗೊಳ್ಳುತ್ತೆ. ಆಮೇಲೆ ಆಟಗಾರರಿಗೆ ಮಾತು ಕೊಡೋ ಮುಂಚೆ ಡೈನಾಮಿಕ್ಸ್ ಪೇಜ್ ಒಂದ್ಸಲ ತೆಗೆದು ನೋಡ್ರಿ.