ಹಳೇ ಕ್ಯಾಂಪರ್ ವ್ಯಾನಿನ ಟಾಪ್ ಬಿಚ್ಚಿಸುವ ಮೊದಲು ಇದನ್ನು ಓದಿ

ಇಂಗ್ಲೆಂಡಿನಲ್ಲಿ ಹಳೇ ಕ್ಯಾಂಪರ್ ವ್ಯಾನ್ (ಒಳಗೇ ಮಲಗುವ ವ್ಯವಸ್ಥೆಯಿರುವ ಪ್ರವಾಸದ ವ್ಯಾನ್) ಇಟ್ಟುಕೊಂಡಿರುವವರು, ಕೊಳ್ಳಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗಾದದ್ದು ನಿಮಗೆ ಆಗಬಾರದು.

ನಮ್ಮದು 1972ರ ಫೋಕ್ಸ್‌ವ್ಯಾಗನ್. ಕೆಂಟ್‌ನ ಫೋಕ್‌ಸ್ಟನ್ ಊರಿನ ಮಾರ್ಟಿನ್ ವಾಲ್ಟರ್ ಕಂಪನಿ ಶುರು ಮಾಡಿದ ಡಾರ್ಮೊಬೈಲ್ ಮಾದರಿಯ ಟಾಪ್, ಅಂದರೆ ಮೇಲಕ್ಕೆತ್ತುವ ಚಾವಣಿ ಇದೆ. ತಗಡಿನ ಚಾವಣಿಯಲ್ಲಿ ದೊಡ್ಡ ಭಾಗ ಕತ್ತರಿಸಿ ತೆಗೆದು, ಮೇಲೆ ಫೈಬರ್ ಮುಚ್ಚಳ ಕೂರಿಸಿರುತ್ತಾರೆ. ಕೀಲು ಒಂದು ಪಕ್ಕಕ್ಕೆ. ಎತ್ತಿದರೆ ಪಟ್ಟೆಪಟ್ಟೆ ಬಟ್ಟೆ ಬಿಚ್ಚಿಕೊಂಡು ಗೋಡೆಯಾಗುತ್ತದೆ. ಅದರೊಳಗೆ ಜೋಲಿಯಂಥ ಎರಡು ಹಾಸಿಗೆ. ಮಕ್ಕಳಿಬ್ಬರೂ ಅಲ್ಲೇ ಮಲಗುತ್ತಿದ್ದರು.

ಸೋರಲು ಶುರುವಾಯಿತು. ಟಾಪ್ ಕೂರುವ ಅಂಚಿನಲ್ಲಿ, ಮಳೆನೀರಿನ ದೋಣಿಯ ಉದ್ದಕ್ಕೂ ತುಕ್ಕು. ಒಂದು ಗ್ಯಾರೇಜಿನವರು "ಮೂರು ವಾರ ಸಾಕು" ಅಂದರು. ಅರ್ಧ ದುಡ್ಡು ಅಡ್ವಾನ್ಸ್ ಕೊಟ್ಟೆ. ಏನು ಮಾಡುತ್ತಾರೆ, ಯಾವಾಗ ಮುಗಿಸುತ್ತಾರೆ ಅಂತ ಬರೆಸಿಕೊಳ್ಳಲಿಲ್ಲ. ಆ ತಪ್ಪು ನನ್ನದೇ.

ಬಿಚ್ಚಿದ್ದು ಒಂದೇ ದಿನದಲ್ಲಿ. ತುಕ್ಕು ಹಿಡಿದ ಸ್ಕ್ರೂಗಳಿಗೆ ಎರಡು ಮೂರು ದಿನ ಎಣ್ಣೆ ಬಿಟ್ಟು ನೆನೆಸಬೇಕಿತ್ತು. ಬಾರದಿದ್ದರೆ ತಲೆಯನ್ನು ಡ್ರಿಲ್ ಮಾಡಿ ತೆಗೆಯಬೇಕಿತ್ತು. ಇವರು ಕಬ್ಬಿಣದ ಸಲಾಕೆ ಹಾಕಿ ಮೀಟಿದರು, ಫೈಬರ್ ಸ್ಕ್ರೂ ತೂತುಗಳ ಸುತ್ತ ಸೀಳಿತು. ಬಟ್ಟೆಯನ್ನು ಚಾಕುವಿನಿಂದ ಕತ್ತರಿಸಿ ಎಸೆದರು. ಹರಿದದ್ದೇ ಆದರೂ ಹೊಸದನ್ನು ಹೊಲಿಯಲು ಹಳೆ ಬಟ್ಟೆಯೇ ಅಳತೆ ಅಲ್ವಾ?

ಆದರೆ ನಿಜವಾದ ಹಾನಿ ಆಮೇಲೆ ಆಯಿತು. ಇಳಿಸಿದ ಟಾಪನ್ನು ಹಿತ್ತಲ ಗೋಡೆಗೆ ನಿಲ್ಲಿಸಿ ಒರಗಿಸಿದ್ದರು, ಇಡೀ ಚಳಿಗಾಲ. ಉದ್ದದ ತೆಳು ಫೈಬರ್ ಅದು. ಭಾರವೆಲ್ಲ ಒಂದೇ ಅಂಚಿನ ಮೇಲೆ ಬಿದ್ದು ನಿಧಾನವಾಗಿ ತಿರುಚಿಕೊಂಡಿತು. ವಾಪಸ್ ಕೂರಿಸಿದಾಗ ಒಂದು ಮೂಲೆ ಎರಡು ಬೆರಳಷ್ಟು ಮೇಲೆ. ಅಷ್ಟು ದಿನ ವ್ಯಾನ್ ಬಯಲಲ್ಲಿ, ಮೇಲೊಂದು ಟಾರ್ಪಾಲು. ಅದು ಗಾಳಿಗೆ ಸರಿದಿತ್ತು. ಒಳಗಿನ ಪ್ಲೈವುಡ್ ನೆಲ ಉಬ್ಬಿತ್ತು. ಮಕ್ಕಳಿಗೆ ಅದನ್ನು ತೋರಿಸಲು ಮನಸ್ಸೇ ಬರಲಿಲ್ಲ.

ಮೂಲೆಯ ಸಂದು ಮುಚ್ಚಲು ತುಕ್ಕಿನ ಮೇಲೆಯೇ ಸಿಲಿಕೋನ್ ಮೆತ್ತಿ ಬಣ್ಣ ಹೊಡೆದರು. ಸಿಲಿಕೋನ್ ಮೇಲೆ ಬಣ್ಣ ನಿಲ್ಲುವುದಿಲ್ಲ, ಸುತ್ತಲೂ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಕೆಳಗೆ ನೀರು ಸೇರಿಕೊಂಡು ತುಕ್ಕು ಇನ್ನೂ ಜಾಸ್ತಿ ತಿನ್ನುತ್ತದೆ. ಯಾರಾದರೂ ಸಿಲಿಕೋನ್ ಟ್ಯೂಬ್ ಕೈಗೆತ್ತಿಕೊಂಡರೆ ಅಲ್ಲೇ ತಡೆಯಿರಿ. ತಗಡು ಸರಿಮಾಡಿ ಪ್ರೈಮರ್ ಹೊಡೆದ ಮೇಲೆ ಪಾಲಿಯುರೆಥೇನ್ ಸೀಲಂಟ್ ಹಾಕಲಿ.

ಆಮೇಲೆ ಇನ್ನೊಬ್ಬರು ಸರಿಮಾಡಿಕೊಟ್ಟರು. ಅವರು ಮೊದಲು ಮಾಡಿದ ಕೆಲಸ, ಚಾವಣಿಯ ಅಳತೆಗೆ ಮರದ ಚೌಕಟ್ಟು ಕಟ್ಟಿ ಟಾಪನ್ನು ಅದರ ಮೇಲೆ ಮಲಗಿಸಿದ್ದು. ಸಿಲಿಕೋನ್ ಕೆರೆಯುವುದಕ್ಕೇ ನಾಲ್ಕು ದಿನ ಹಿಡಿಯಿತು. ಕೊಳೆತ ದೋಣಿ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿದರು. ಕಿಡಿ ಬೀಳುತ್ತದೆ ಅಂತ ಒಳಗಿನ ಲೈನಿಂಗ್ ಎಲ್ಲ ಮೊದಲೇ ತೆಗೆಸಿದ್ದರು. ಸೀಳಿದ ಕಡೆ ಒಳಗಿನಿಂದ ಗ್ಲಾಸ್ ಮ್ಯಾಟ್ (ಗಾಜಿನ ನಾರಿನ ಹಾಸು) ಇಟ್ಟು, ಮೇಲೆ ಗಟ್ಟಿಯಾಗುವ ಅಂಟು, ಅಂದರೆ ರೆಸಿನ್ ಹಚ್ಚಿದರು. ಚಳಿಯಲ್ಲಿ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ ಅಂತ ಮೇ ತಿಂಗಳವರೆಗೆ ಕಾಯಿಸಿದರು. ಆ ತಾಳ್ಮೆಗೆ ನಾನು ಋಣಿ.

ಹಾಗಾಗಿ ಗ್ಯಾರೇಜಿನವರನ್ನು ರೇಟು ಕೇಳುವ ಮೊದಲು ಇದನ್ನು ಕೇಳಿ: ಇಳಿಸಿದ ಟಾಪ್ ಎಲ್ಲಿ ಇಡುತ್ತೀರಿ, ಯಾವುದರ ಮೇಲೆ ಮಲಗಿಸುತ್ತೀರಿ? ಜಾಗ ತೋರಿಸಿ ಅನ್ನಿ. ವ್ಯಾನ್ ಸೂರಿನ ಕೆಳಗೆ ನಿಲ್ಲುತ್ತದಾ ನೋಡಿ. ಬಿಚ್ಚುವ ದಿನ ನೀವೇ ಹೋಗಿ, ಪ್ರತಿ ಸ್ಕ್ರೂ, ಪ್ರತಿ ಮೂಲೆಯ ಫೋಟೋ ತೆಗೆಯಿರಿ. ಹಳೇ ಬಟ್ಟೆ ಮನೆಗೆ ತನ್ನಿ. ದುಡ್ಡು ಕೆಲಸ ಆದಷ್ಟಕ್ಕೆ ಮಾತ್ರ. ಇಲ್ಲಿ 40 ವರ್ಷ ದಾಟಿದ ಹೆಚ್ಚಿನ ಗಾಡಿಗಳಿಗೆ ವರ್ಷದ ಎಂಒಟಿ ತಪಾಸಣೆ ಕಡ್ಡಾಯವಿಲ್ಲ, ನಿಮ್ಮನ್ನು ಬಿಟ್ಟು ಬೇರೆ ಯಾರೂ ಬಗ್ಗಿ ನೋಡುವುದಿಲ್ಲ.

ನಮ್ಮ ಟಾಪಿನ ಆ ಮೂಲೆ ಇನ್ನೂ ಪೂರ್ತಿ ಕೂತಿಲ್ಲ. ದಪ್ಪ ರಬ್ಬರ್ ಬೀಡಿಂಗ್ ಹಾಕಿಸಿದ್ದೇವೆ. ನಿಮ್ಮ ಗಾಡಿ ಈಗ ಯಾವುದಾದರೂ ಗ್ಯಾರೇಜಿನಲ್ಲಿ ಟಾಪ್ ಇಲ್ಲದೆ ನಿಂತಿದ್ದರೆ, ಫೋನ್ ಮಾಡಿ ಸುಮ್ನಾಗಬೇಡಿ. ಇವತ್ತೇ ಹೋಗಿ ನೋಡಿ.