ವಿಎಂವೇರ್, ಹೈಪರ್-ವಿ, ಪ್ರಾಕ್ಸ್‌ಮಾಕ್ಸ್: ಕಾಸರಗೋಡಿನ ಸಣ್ಣ ಕಚೇರಿಗೆ ಯಾವುದು, ಜತೆಗೆ ಯಾವ ಬ್ಯಾಕಪ್?

ಹೊಸ ಸರ್ವರ್ ಹಾಕಿಸುವವರು ಮೊದಲು ಕೇಳುವುದು ಯಾವ ವರ್ಚುವಲೈಸೇಶನ್ ಒಳ್ಳೆಯದು ಅಂತ. ವರ್ಚುವಲೈಸೇಶನ್ ಅಂದರೆ ಒಂದೇ ಸರ್ವರಿನ ಒಳಗೆ ಹಲವು ಕಂಪ್ಯೂಟರುಗಳನ್ನು (ವರ್ಚುವಲ್ ಮಷೀನುಗಳನ್ನು) ಓಡಿಸುವುದು. ವಿಎಂವೇರ್, ಮೈಕ್ರೋಸಾಫ್ಟಿನ ಹೈಪರ್-ವಿ, ಪ್ರಾಕ್ಸ್‌ಮಾಕ್ಸ್ ಇವು ಅದಕ್ಕಿರುವ ವೇದಿಕೆಗಳು. ಬ್ಯಾಕಪ್ ಮಾತು ಬರುವುದು ಕೊಟೇಶನ್ನಿನ ಕೊನೇ ಸಾಲಿನಲ್ಲಿ. ನನ್ನ ಪ್ರಕಾರ ಇದು ತಲೆಕೆಳಗು. ಇವತ್ತು ರಾತ್ರಿ ಸರ್ವರ್ ಸುಟ್ಟುಹೋದರೆ ನಾಳೆ ಬೆಳಿಗ್ಗೆ ಅಂಗಡಿಯಲ್ಲಿ ಬಿಲ್ ಹಾಕುವುದು ಹೇಗೆ? ಮೊದಲು ಇದಕ್ಕೆ ಉತ್ತರ ಬೇಕು. ಆ ಉತ್ತರ ಕೊಡುವ ಬ್ಯಾಕಪ್ಪನ್ನು ಆರಿಸಿ, ಅದಕ್ಕೆ ಹೊಂದುವ ವೇದಿಕೆಯನ್ನು ಆಮೇಲೆ ನೋಡಬೇಕು.

ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆಯ ಅಂಗಡಿ, ಪ್ರೆಸ್ಸು, ಕ್ಲಿನಿಕ್ಕುಗಳ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿ ದೊಡ್ಡ ಡೇಟಾ ಸೆಂಟರ್ ಯಾರಿಗೂ ಇಲ್ಲ. ಒಂದು ಸರ್ವರ್, ಹೆಚ್ಚೆಂದರೆ ಎರಡು. ಕೋಣೆಯಲ್ಲಿ ಒಂದು ಯುಪಿಎಸ್. ಅಕ್ಟೋಬರ್-ನವೆಂಬರಿನ ಸಂಜೆ ಗುಡುಗು ಶುರುವಾದರೆ ಹಲವರು ಪ್ಲಗ್ಗನ್ನೇ ಎಳೆದಿಟ್ಟು ಮನೆಗೆ ಹೋಗುತ್ತಾರೆ. ಬಿಡಿಭಾಗ ಬೇಕಾದರೆ ಐವತ್ತು ಕಿಲೋಮೀಟರ್ ಆಚೆ ಮಂಗಳೂರಿಗೆ ಓಡಬೇಕು. ಈ ಹೋಲಿಕೆ ಇಂಥ ಜಾಗಕ್ಕೆ ಮಾತ್ರ. ಬೆಂಗಳೂರಿನ ದೊಡ್ಡ ಕಂಪನಿಯ ಲೆಕ್ಕ ಬೇರೆಯೇ.

ನಾನು ಎಲ್ಲ ಕಡೆ ಒಂದೇ ಬಗೆಯ ಹೊರೆ ಇಟ್ಟು ನೋಡಿದೆ. ಟ್ಯಾಲಿ ಓಡುವ ಒಂದು ವಿಂಡೋಸ್ ಸರ್ವರ್, ಡಾಂಗಲ್ (ಲೈಸೆನ್ಸಿನ ಯುಎಸ್‌ಬಿ ಕೀಲಿ) ಚುಚ್ಚಿದರೆ ಮಾತ್ರ ತೆರೆಯುವ ಬಿಲ್ಲಿಂಗ್ ಸಾಫ್ಟ್‌ವೇರ್ ಇರುವ ಒಂದು ಹಳೇ ವಿಂಡೋಸ್ 7, ಫೈಲ್ ಹಂಚಲು ಸಣ್ಣದೊಂದು ಲಿನಕ್ಸ್. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ. ಆದರೂ ಅದನ್ನು ಬಿಡಲಾಗದ ಅಂಗಡಿಗಳು ಬೇಕಾದಷ್ಟಿವೆ. ವರ್ಚುವಲ್ ಮಷೀನ್ ಮಾಡಿ, ಇಂಟರ್ನೆಟ್ ಕೊಡದೆ ಒಳಗೇ ಇಟ್ಟರೆ ಅಪಾಯ ಸ್ವಲ್ಪ ಕಡಿಮೆ. ಡಿಸ್ಕ್‌ಟುವಿಎಚ್‌ಡಿ ಎಂಬ ಮೈಕ್ರೋಸಾಫ್ಟಿನ ಉಚಿತ ಸಲಕರಣೆ ಹಳೇ ಕಂಪ್ಯೂಟರಿನ ಡಿಸ್ಕನ್ನು ಹಾಗೇ ಒಂದು ಫೈಲಾಗಿ ಮಾಡಿಕೊಡುತ್ತದೆ.

ಮೊದಲು ವಿಎಂವೇರ್. ಅದರ ವರ್ಚುವಲೈಸೇಶನ್ ವೇದಿಕೆ ಇಎಸ್‌ಎಕ್ಸ್‌ಐ ಗಟ್ಟಿ ಸಾಫ್ಟ್‌ವೇರ್, ಅದರಲ್ಲಿ ಎರಡು ಮಾತಿಲ್ಲ. ಒಮ್ಮೆ ಕೂರಿಸಿದರೆ ವರ್ಷಗಟ್ಟಲೆ ಸುಮ್ನೆ ಓಡುತ್ತದೆ. ಡಾಂಗಲ್ಲನ್ನು ವರ್ಚುವಲ್ ಮಷೀನಿಗೆ ಕೊಡುವುದೂ ಸುಲಭ. ತೊಂದರೆ ಎರಡು. ಒಂದು, ಹಾರ್ಡ್‌ವೇರ್ ವಿಷಯದಲ್ಲಿ ಅದು ಬಹಳ ಕಟ್ಟುನಿಟ್ಟು. 7ನೇ ಆವೃತ್ತಿಯಲ್ಲಿ ಹಳೇ ಬಗೆಯ ಲಿನಕ್ಸ್ ಡ್ರೈವರ್‌ಗಳನ್ನು ಕೈಬಿಟ್ಟ ಮೇಲೆ, ಅಸೆಂಬಲ್ ಮಾಡಿದ ಪೆಟ್ಟಿಗೆಗಳಲ್ಲಿ ಇರುವ ರಿಯಲ್‌ಟೆಕ್ ನೆಟ್‌ವರ್ಕ್ ಕಾರ್ಡನ್ನು ಅದರ ಇನ್‌ಸ್ಟಾಲರ್ ಗುರುತಿಸುವುದಿಲ್ಲ. ಎರಡು, ಲೈಸೆನ್ಸು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಈ ಕಂಪನಿಯನ್ನು ಕೊಂಡಿತು. ಡಿಸೆಂಬರಿನಲ್ಲೇ ಒಮ್ಮೆ ದುಡ್ಡು ಕೊಟ್ಟು ಶಾಶ್ವತವಾಗಿ ಇಟ್ಟುಕೊಳ್ಳುವ ಲೈಸೆನ್ಸ್ ನಿಂತಿತು. ಈಗ ಚಂದಾ ಮಾತ್ರ. ಪ್ರೊಸೆಸರಿನಲ್ಲಿ ಎಂಟೇ ಕೋರ್ ಇದ್ದರೂ ಕನಿಷ್ಠ 16 ಕೋರಿನ ಲೆಕ್ಕ. ಉಚಿತ ಆವೃತ್ತಿ 2024ರಲ್ಲಿ ಹೋಗಿ, 2025ರ ಏಪ್ರಿಲಿನಲ್ಲಿ ಮರಳಿ ಬಂದಿದೆ. ಆದರೆ ಹೆಚ್ಚಿನ ಬ್ಯಾಕಪ್ ಸಾಫ್ಟ್‌ವೇರುಗಳು ಹೊರಗಿನಿಂದಲೇ ಮಷೀನಿನ ನಕಲು ತೆಗೆಯಲು ಬಳಸುವ ಬಾಗಿಲು ಅದರಲ್ಲಿ ಮುಚ್ಚಿದೆ. ಪ್ರತಿ ಮಷೀನಿನ ಒಳಗೂ ಬೇರೆ ಬೇರೆ ಏಜೆಂಟ್ (ಬ್ಯಾಕಪ್ ಕಳಿಸುವ ಸಣ್ಣ ಸಾಫ್ಟ್‌ವೇರ್) ಹಾಕಬೇಕು. ಹಾಗಾಗಿ ನನ್ನ ದೃಷ್ಟಿಯಲ್ಲಿ ಉಚಿತ ಇಎಸ್‌ಎಕ್ಸ್‌ಐ ಕಲಿಯುವವರಿಗೆ ಸರಿ, ವ್ಯಾಪಾರಕ್ಕೆ ಅಲ್ಲ.

ಹೈಪರ್-ವಿ ಬಗ್ಗೆ ನಮ್ಮಲ್ಲಿ ಸುಮ್ನೆ ತಾತ್ಸಾರ ಜಾಸ್ತಿ. ವಿಂಡೋಸ್ ಸರ್ವರ್ ಲೈಸೆನ್ಸ್ ಹೇಗೂ ಕೊಂಡಿದ್ದರೆ ಇದು ಅದರ ಒಳಗೇ ಉಂಟು. ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ಎರಡು ವಿಂಡೋಸ್ ಸರ್ವರ್ ವರ್ಚುವಲ್ ಮಷೀನಿಗೆ ಹಕ್ಕು ಸಿಗುತ್ತದೆ. ಎರಡು ಸರ್ವರ್ ಇದ್ದರೆ ಹೈಪರ್-ವಿ ರೆಪ್ಲಿಕಾ ಬೇರೆ ಖರ್ಚಿಲ್ಲದೆ ಒಂದರಿಂದ ಇನ್ನೊಂದಕ್ಕೆ ನಕಲು ಕಳಿಸುತ್ತಿರುತ್ತದೆ. 30 ಸೆಕೆಂಡಿಗೊಮ್ಮೆ, 5 ನಿಮಿಷಕ್ಕೊಮ್ಮೆ ಅಥವಾ 15 ನಿಮಿಷಕ್ಕೊಮ್ಮೆ. ಇದು ಬ್ಯಾಕಪ್ ಅಲ್ಲ, ನೆನಪಿರಲಿ. ಇಲ್ಲಿ ಹಾಳಾದದ್ದು ಅಲ್ಲಿಗೂ ಹೋಗುತ್ತದೆ.

ಹೈಪರ್-ವಿ ನನ್ನ ಕೈ ಕಟ್ಟಿದ್ದು ಡಾಂಗಲ್ ವಿಷಯದಲ್ಲಿ. ಸರ್ವರಿಗೆ ಚುಚ್ಚಿದ ಯುಎಸ್‌ಬಿ ಸಾಧನವನ್ನು ನೇರವಾಗಿ ವರ್ಚುವಲ್ ಮಷೀನಿಗೆ ಕೊಡುವ ವ್ಯವಸ್ಥೆ ಅದರಲ್ಲಿಲ್ಲ. ನೆಟ್‌ವರ್ಕಿನ ಮೂಲಕ ಯುಎಸ್‌ಬಿ ಹಾಯಿಸುವ ಪೆಟ್ಟಿಗೆಗಳು ಸಿಗುತ್ತವೆ. ಕೆಲಸ ಆಗುತ್ತದೆ, ಆದರೆ ಕೆಡಬಹುದಾದ ಇನ್ನೊಂದು ವಸ್ತು ಸೇರಿಕೊಂಡಂತಾಯಿತು. ಪ್ರಾಕ್ಸ್‌ಮಾಕ್ಸಿನಲ್ಲಿ ಆ ತಲೆಬಿಸಿ ಇಲ್ಲ. ಮಷೀನಿನ ಹಾರ್ಡ್‌ವೇರ್ ಪುಟದಲ್ಲಿ ಯುಎಸ್‌ಬಿ ಸೇರಿಸು ಎಂದು ಒತ್ತಿ, ಪಟ್ಟಿಯಲ್ಲಿ ಡಾಂಗಲ್ ಹೆಸರು ಆರಿಸಿದರೆ ಮುಗಿಯಿತು. ವಿಂಡೋಸ್ 7 ಒಳಗೆ ಬಿಲ್ಲಿಂಗ್ ಪರದೆ ತೆರೆದುಕೊಂಡಿತು.

ಪ್ರಾಕ್ಸ್‌ಮಾಕ್ಸ್ ಆಸ್ಟ್ರಿಯಾದ ವಿಯೆನ್ನಾದವರದ್ದು. 2008ರಿಂದ ಇದೆ. ಡೆಬಿಯನ್ ಲಿನಕ್ಸ್ ಮೇಲೆ ನಿಂತಿದೆ, ಮೂಲ ಸಂಕೇತ ಎಲ್ಲರಿಗೂ ತೆರೆದಿದೆ. 2025ರ ಆಗಸ್ಟಿನಲ್ಲಿ 9ನೇ ಆವೃತ್ತಿ ಬಂತು. ದುಡ್ಡು ಕೊಡದೆಯೂ ಪೂರ್ತಿ ಬಳಸಬಹುದು. ಲಾಗಿನ್ ಆದಾಗ ಚಂದಾ ಇಲ್ಲ ಎಂಬ ಸೂಚನೆಯೊಂದು ಬರುತ್ತದೆ, ಅಷ್ಟೆ. ಆದರೆ ವ್ಯಾಪಾರಕ್ಕೆ ಬಳಸುವವರು ಕಡಿಮೆ ದರದ ಚಂದಾವನ್ನಾದರೂ ಕೊಳ್ಳಬೇಕು ಎಂದು ನಾನು ಹೇಳುತ್ತೇನೆ. ಒಂದು ಸಾಕೆಟ್ಟಿಗೆ, ಅಂದರೆ ಒಂದು ಪ್ರೊಸೆಸರಿಗೆ, ವರ್ಷಕ್ಕೆ ನೂರು ಯೂರೋಗಿಂತ ಸ್ವಲ್ಪ ಜಾಸ್ತಿ. ಹೆಚ್ಚು ಪರೀಕ್ಷೆ ಆದ ಅಪ್‌ಡೇಟ್‌ಗಳು ಆಗ ಮಾತ್ರ ಸಿಗುತ್ತವೆ. ಆ ಜನರ ದುಡಿಮೆಗೆ ಬೆಲೆ ಕೊಟ್ಟಂತೆಯೂ ಆಯಿತು.

ಪ್ರಾಕ್ಸ್‌ಮಾಕ್ಸಿನಲ್ಲಿ ವಿಂಡೋಸ್ ಹಾಕುವಾಗ ಒಂದು ಜಾಗದಲ್ಲಿ ಎಲ್ಲರೂ ನಿಲ್ಲುತ್ತಾರೆ. ಇನ್‌ಸ್ಟಾಲರ್ ಬಂದು, ಯಾವ ಡಿಸ್ಕಿಗೆ ಹಾಕಲಿ ಎಂದು ಕೇಳುವ ಪರದೆಯಲ್ಲಿ ಪಟ್ಟಿ ಖಾಲಿ. ಡಿಸ್ಕ್ ಹಾಳಾಗಿಲ್ಲ, ವರ್ಚುವಲ್ ಡಿಸ್ಕನ್ನು ಗುರುತಿಸುವ ಡ್ರೈವರ್ ವಿಂಡೋಸಿನಲ್ಲಿಲ್ಲ. ವರ್ಟ್‌ಐಒ ಡ್ರೈವರಿನ ಐಎಸ್‌ಒ ಫೈಲನ್ನು ಎರಡನೇ ಸಿಡಿಯಾಗಿ ಕೊಟ್ಟು, ಅಲ್ಲಿಂದ ಡ್ರೈವರ್ ತುಂಬಿಸಿದರೆ ಡಿಸ್ಕ್ ಕಾಣಿಸಿಕೊಳ್ಳುತ್ತದೆ. ಜತೆಗೆ ಗೆಸ್ಟ್ ಏಜೆಂಟ್ ಎಂಬ, ಪ್ರಾಕ್ಸ್‌ಮಾಕ್ಸ್ ಜತೆ ಮಾತಾಡುವ ಸಣ್ಣ ಸಾಫ್ಟ್‌ವೇರನ್ನೂ ಮಷೀನಿನ ಒಳಗೆ ಹಾಕಿಡಬೇಕು. ಅದಿದ್ದರೆ ಬ್ಯಾಕಪ್ ಶುರುವಾಗುವಾಗ ವಿಂಡೋಸ್ ತನ್ನ ಬರವಣಿಗೆಯನ್ನು ಒಂದು ಕ್ಷಣ ಹಿಡಿದಿಟ್ಟು, ಡಿಸ್ಕನ್ನು ನೆಟ್ಟಗಿನ ಸ್ಥಿತಿಯಲ್ಲಿ ಕೊಡುತ್ತದೆ. ವಿಎಂವೇರಿನಿಂದ ಬರುವವರಿಗೆ 2024ರಿಂದ ಹಳೇ ಮಷೀನುಗಳನ್ನು ಒಳತರುವ ಇಂಪೋರ್ಟ್ ಸೌಲಭ್ಯವೂ ಇದೆ. ಎಕ್ಸ್‌ಸಿಪಿ-ಎನ್‌ಜಿ ಎಂಬ ಇನ್ನೊಂದು ವರ್ಚುವಲೈಸೇಶನ್ ವೇದಿಕೆಯನ್ನೂ ಹಾಕಿ ನೋಡಿದೆ. ಒಳ್ಳೆಯದೇ. ಆದರೆ ನಮ್ಮ ಊರಿನಲ್ಲಿ ಅದು ಗೊತ್ತಿರುವವರು ಸಿಗುವುದು ಕಷ್ಟ, ಹಾಗಾಗಿ ಮುಂದೆ ಹೋಗಲಿಲ್ಲ.

ಈಗ ಬ್ಯಾಕಪ್. ವೀಮ್, ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್, ಸಿನಾಲಜಿ ಕಂಪನಿಯ ನ್ಯಾಸ್ (ನೆಟ್‌ವರ್ಕಿಗೆ ಸೇರಿಸುವ ಡಿಸ್ಕ್) ಪೆಟ್ಟಿಗೆಯ ಜತೆ ಉಚಿತವಾಗಿ ಬರುವ ಆಕ್ಟಿವ್ ಬ್ಯಾಕಪ್, ಈ ಮೂರನ್ನು ನೋಡಿದೆ.

ಮರಳಿ ತರುವ ದಾರಿಗಳು ವೀಮ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ. ಬ್ಯಾಕಪ್ ಫೈಲಿನಿಂದಲೇ ನೇರವಾಗಿ ಮಷೀನನ್ನು ಎಬ್ಬಿಸಬಹುದು. ಎಸ್‌ಕ್ಯೂಎಲ್ ಡೇಟಾಬೇಸ್ ಒಂದನ್ನೇ ಬಿಡಿಯಾಗಿ ತೆಗೆಯಬಹುದು. ಅದರ ಕಮ್ಯುನಿಟಿ ಆವೃತ್ತಿ 10 ಮಷೀನುಗಳವರೆಗೆ ಉಚಿತ. ನಮ್ಮ ಸಣ್ಣ ಕಚೇರಿಗಳಿಗೆ ಅಷ್ಟು ಧಾರಾಳ ಸಾಕು. 2024ರ ಆಗಸ್ಟಿನಿಂದ ಅದು ಪ್ರಾಕ್ಸ್‌ಮಾಕ್ಸಿಗೂ ಬೆಂಬಲ ಕೊಡುತ್ತಿದೆ. ಆದರೆ ಬ್ಯಾಕಪ್ ಸಾಫ್ಟ್‌ವೇರನ್ನೇ ಗುರಿ ಮಾಡುವ ಕಳ್ಳರಿದ್ದಾರೆ. 2024ರ ಸೆಪ್ಟೆಂಬರಿನಲ್ಲಿ ವೀಮ್ ಮುಚ್ಚಿದ ಒಂದು ದೊಡ್ಡ ತೂತನ್ನು, ಅಪ್‌ಡೇಟ್ ಹಾಕದವರ ಮೇಲೆ ರ್‍ಯಾನ್ಸಮ್‌ವೇರ್ (ಡೇಟಾಕ್ಕೆ ಬೀಗ ಹಾಕಿ ದುಡ್ಡು ಕೇಳುವ) ಗುಂಪುಗಳು ಬಳಸಿದವು. ಅಪ್‌ಡೇಟ್ ತಪ್ಪಿಸದೆ ಹಾಕುವವರಿಗೆ ಮಾತ್ರ ವೀಮ್. ಅದರ ಬ್ಯಾಕಪ್ ಸರ್ವರನ್ನು ಕಚೇರಿಯ ಡೊಮೇನಿಗೆ (ಎಲ್ಲ ಕಂಪ್ಯೂಟರುಗಳ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆಗೆ) ಸೇರಿಸಬೇಡಿ. ಸಾಧ್ಯವಾದರೆ ಲಿನಕ್ಸ್ ಮೇಲೆ ಹಾರ್ಡನ್ಡ್ ರೆಪಾಸಿಟರಿ ಎಂಬ ಭದ್ರ ಬ್ಯಾಕಪ್ ಸಂಗ್ರಹ ಮಾಡಿ. ಅದರಲ್ಲಿ ಬರೆದದ್ದನ್ನು ಕನಿಷ್ಠ 7 ದಿನ ಯಾರೂ ಅಳಿಸಲಾಗದಂತೆ ಬೀಗ ಹಾಕಿಡುತ್ತದೆ.

ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರಿನ ಮೊದಲ ಆವೃತ್ತಿ ಬಂದದ್ದು 2020ರ ನವೆಂಬರಿನಲ್ಲಿ. ಮಷೀನಿನ ಡಿಸ್ಕನ್ನು ಅದು 4 ಎಂಬಿ ತುಂಡುಗಳಾಗಿ ಮಾಡಿ, ಒಂದೇ ರೀತಿಯ ತುಂಡನ್ನು ಒಮ್ಮೆ ಮಾತ್ರ ಇಟ್ಟುಕೊಳ್ಳುತ್ತದೆ. ದಿನಾ ಬ್ಯಾಕಪ್ ತೆಗೆದರೂ ಜಾಗ ಹೆಚ್ಚು ತಿನ್ನುವುದಿಲ್ಲ. ಬ್ಯಾಕಪ್ ಕಳಿಸುವ ಬಳಕೆದಾರನಿಗೆ ಬರೆಯುವ ಮತ್ತು ಓದುವ ಅಧಿಕಾರ ಮಾತ್ರ ಕೊಟ್ಟು, ಅಳಿಸುವ ಅಧಿಕಾರ ಕೊಡದೆ ಇಡಬಹುದು. ಆಗ ಮುಖ್ಯ ಸರ್ವರ್ ಕಳ್ಳರ ಕೈಗೆ ಸಿಕ್ಕರೂ ಅಲ್ಲಿಂದ ಹಳೇ ಬ್ಯಾಕಪ್ಪನ್ನು ಅಳಿಸಲು ಆಗುವುದಿಲ್ಲ. ಇದು ನನಗೆ ಬಹಳ ಇಷ್ಟವಾದ ಗುಣ.

ನಮ್ಮ ಊರಿನವರು ಗಮನಿಸಲೇಬೇಕಾದ ವ್ಯತ್ಯಾಸ ಒಂದಿದೆ. ನಿನ್ನೆಯಿಂದ ಇವತ್ತಿಗೆ ಡಿಸ್ಕಿನ ಯಾವ ಭಾಗ ಬದಲಾಗಿದೆ ಎಂಬ ಗುರುತನ್ನು ಪ್ರಾಕ್ಸ್‌ಮಾಕ್ಸ್ ಮೆಮೊರಿಯಲ್ಲಿ ಇಡುತ್ತದೆ. ರಾತ್ರಿ ಪ್ಲಗ್ ಎಳೆದರೆ ಅದು ಹೋಯಿತು. ಮರುದಿನದ ಬ್ಯಾಕಪ್ ಇಡೀ ಡಿಸ್ಕನ್ನು ಮೊದಲಿಂದ ಓದುತ್ತದೆ. ಕಳಿಸುವುದು ಹೊಸ ತುಂಡುಗಳನ್ನು ಮಾತ್ರ, ಆದರೆ ಓದುವ ಸಮಯ ಉಳಿಯುವುದಿಲ್ಲ. ಹೈಪರ್-ವಿ 2016ರಿಂದ ಇದೇ ಗುರುತನ್ನು ಡಿಸ್ಕಿನ ಫೈಲಿನಲ್ಲಿ ಬರೆದಿಡುತ್ತದೆ. ಕರೆಂಟು ಹೋಗಿ ಬಂದರೂ ಅದು ಉಳಿದಿರುತ್ತದೆ. ದಿನಾ ಸರ್ವರ್ ಬಂದ್ ಮಾಡುವ ಅಂಗಡಿಯಲ್ಲಿ ಇದು ದೊಡ್ಡ ಮಾತು. ಅಂಥ ಕಡೆ ನಾನು ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ಪನ್ನು ಮಧ್ಯಾಹ್ನ ಊಟದ ಹೊತ್ತಿಗೆ ಇಡುತ್ತೇನೆ. ಇನ್ನೊಂದು ವಿಷಯ. ಲಕ್ಷಗಟ್ಟಲೆ ಸಣ್ಣ ತುಂಡುಗಳಿರುವುದರಿಂದ ಹಾರ್ಡ್ ಡಿಸ್ಕಿನಲ್ಲಿ ಬ್ಯಾಕಪ್ ಸರಿ ಇದೆಯೇ ಎಂಬ ಪರಿಶೀಲನೆ ಆಮೆಗತಿಯಲ್ಲಿ ಸಾಗುತ್ತದೆ. ದುಡ್ಡು ಸ್ವಲ್ಪ ಜಾಸ್ತಿಯಾದರೂ ಎಸ್‌ಎಸ್‌ಡಿ ಹಾಕಿ.

ಸಿನಾಲಜಿಯದ್ದು ಎಲ್ಲಕ್ಕಿಂತ ಸುಲಭ. ಲೈಸೆನ್ಸ್ ಲೆಕ್ಕವೇ ಇಲ್ಲ. ಕಚೇರಿಯ ಹುಡುಗನೇ ನೋಡಿಕೊಳ್ಳಬಹುದು. ವಿಎಂವೇರ್, ಹೈಪರ್-ವಿ ಎರಡರ ಜತೆಗೂ ಹೊಂದುತ್ತದೆ. ಪ್ರಾಕ್ಸ್‌ಮಾಕ್ಸ್ ಆದರೆ ಪ್ರತಿ ಮಷೀನಿನ ಒಳಗೆ ಏಜೆಂಟ್ ಹಾಕಬೇಕು.

ಮರಳಿ ತರುವ ಪರೀಕ್ಷೆಯನ್ನು ಅಡಿಕೆ ವ್ಯಾಪಾರದ ಅಂಗಡಿಯೊಂದರಲ್ಲಿ ಧಣಿಗಳ ಎದುರೇ ಮಾಡಿದೆ. ಪ್ರಾಕ್ಸ್‌ಮಾಕ್ಸಿನ ಲೈವ್ ರಿಸ್ಟೋರ್ ಒತ್ತಿದೆ. ಹಿಂದಿನಿಂದ ಡೇಟಾ ಬರುತ್ತಿರುವಾಗಲೇ ವಿಂಡೋಸ್ ನಿಧಾನವಾಗಿ ಎದ್ದಿತು. ಟ್ಯಾಲಿ ತೆರೆಯಿತು. ಹಿಂದಿನ ದಿನದ ಖರೀದಿ ಬಿಲ್ಲುಗಳು ಸಾಲಾಗಿ ಬಂದವು.

"ಅಣ್ಣಾ, ಇದರಲ್ಲೇ ಈಗ ಬಿಲ್ ಹಾಕ್ಲಿಕ್ಕೆ ಆಗ್ತದಾ?" ಎಂದು ಧಣಿಗಳು ಕೇಳಿದರು.

"ಆಗ್ತದೆ. ಆದ್ರೆ ಪೂರ್ತಿ ಬರುವವರೆಗೆ ತಡೀರಿ" ಎಂದೆ. ಕಾರಣ ಉಂಟು. ಲೈವ್ ರಿಸ್ಟೋರ್ ಅರ್ಧದಲ್ಲಿ ಕೆಟ್ಟರೆ, ಅಷ್ಟರಲ್ಲಿ ಹೊಸದಾಗಿ ಬರೆದದ್ದೆಲ್ಲ ಹೋಗುತ್ತದೆ. ಅವಸರಕ್ಕೆ ನೋಡಲು ಇದು ಸರಿ, ಹೊಸ ಲೆಕ್ಕ ಬರೆಯಲು ಕಾಯುವುದು ಒಳ್ಳೆಯದು. ವೀಮ್‌ನ ಇನ್‌ಸ್ಟಂಟ್ ರಿಕವರಿ ಈ ಕೆಲಸದಲ್ಲಿ ಇನ್ನೂ ಪಳಗಿದ್ದು ಅನ್ನಿಸಿತು.

ಪ್ರೆಸ್ಸಿನವರಿಗೆ ಒಂದು ಮಾತು. ಬರೀ ಫೈಲುಗಳ ಬ್ಯಾಕಪ್ ಸಾಲದು. ಹಳೇ ಕರೆಯೋಲೆ, ಯಕ್ಷಗಾನದ ಕರಪತ್ರ, ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣಗಳೆಲ್ಲ ಹಳೇ ನುಡಿ ಫಾಂಟಿನಲ್ಲಿ, ಪೇಜ್‌ಮೇಕರಿನಲ್ಲಿ ಇರುತ್ತವೆ. ಮಲಯಾಳದ್ದು ಎಂಎಲ್-ಟಿಟಿ ಫಾಂಟಿನಲ್ಲಿ. ಹೊಸ ಕಂಪ್ಯೂಟರಿಗೆ ಫೈಲು ಮಾತ್ರ ತಂದರೆ ತೆರೆದಾಗ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಇಡೀ ಮಷೀನಿನ ಬ್ಯಾಕಪ್ ಇದ್ದರೆ ಫಾಂಟು, ಪೇಜ್‌ಮೇಕರ್, ಕೀಬೋರ್ಡ್ ಸೆಟ್ಟಿಂಗ್ ಎಲ್ಲ ಇದ್ದ ಹಾಗೇ ಎದ್ದು ಬರುತ್ತದೆ. ಪ್ರೆಸ್ಸಿನ ಕಂಪ್ಯೂಟರನ್ನು ವರ್ಚುವಲ್ ಮಾಡಲು ಇದೊಂದೇ ಕಾರಣ ಸಾಕು.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ ಎನ್ನುವ ನಿಯಮ ಎಲ್ಲರಿಗೂ ಗೊತ್ತು. ಬೇರೆ ಜಾಗ ಎಂದರೆ ಕ್ಲೌಡ್ ಎಂದೇ ಹೊರಡುವ ಮೊದಲು ಲೆಕ್ಕ ಹಾಕಿ. 10 ಎಂಬಿಪಿಎಸ್ ಅಪ್‌ಲೋಡಿನಲ್ಲಿ 500 ಜಿಬಿ ಹೋಗಲು ನಾಲ್ಕೂವರೆ ದಿನಕ್ಕಿಂತ ಜಾಸ್ತಿ ಬೇಕು. ಕಚೇರಿಯ ಗಿಗಾಬಿಟ್ ನೆಟ್‌ವರ್ಕಿನಲ್ಲಿ ಅದೇ ಕೆಲಸ ಒಂದೂಕಾಲು ಗಂಟೆಯದ್ದು. ನಾನು ಮೊದಲ ಪ್ರತಿಯನ್ನು ಡಿಸ್ಕಿನಲ್ಲೇ ಹೊತ್ತು ಧಣಿಗಳ ಮನೆಯ ಎರಡನೇ ಬ್ಯಾಕಪ್ ಸರ್ವರಿಗೆ ಮುಟ್ಟಿಸಿ, ದಿನದ ಬದಲಾವಣೆಗಳನ್ನು ಮಾತ್ರ ಇಂಟರ್ನೆಟ್ಟಿನಲ್ಲಿ ಕಳಿಸುತ್ತೇನೆ. ಕ್ಲೌಡಿಗೇ ಹೋಗುವುದಾದರೆ ಮುಂಬೈ ಅಥವಾ ಹೈದರಾಬಾದಿನ ಸರ್ವರ್ ಆರಿಸಿ. ಖಾಸಗಿ ನಿಯಮಿತ ಕಂಪನಿ ಆಗಿದ್ದರೆ ಲೆಕ್ಕಪತ್ರಗಳ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ದಿನವೂ ಇರಬೇಕೆಂದು 2022ರ ಆಗಸ್ಟಿನಿಂದ ನಿಯಮವೇ ಇದೆ. ಬ್ಯಾಕಪ್ಪಿಗೆ ಗೂಢಲಿಪಿ ಹಾಕಿದರೆ ಅದರ ಕೀಲಿಯನ್ನು ಕಾಗದದ ಮೇಲೆ ಪ್ರಿಂಟ್ ತೆಗೆದಿಡಿ. ಆ ಕೀಲಿ ಕಳೆದರೆ ತಯಾರಿಸಿದವರಿಂದಲೂ ತೆರೆಯಲು ಆಗುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು? ವಿಂಡೋಸ್ ಸರ್ವರ್ ಲೈಸೆನ್ಸ್ ಈಗಾಗಲೇ ಇದ್ದು, ಡಾಂಗಲ್ ಇಲ್ಲದವರು, ರಾತ್ರಿ ಸರ್ವರ್ ಆಫ್ ಮಾಡುವವರು ಹೈಪರ್-ವಿ ಮತ್ತು ವೀಮ್ ಕಡೆ ಹೋಗಲಿ. ಹೊಸದಾಗಿ ಶುರು ಮಾಡುವವರು, ಡಾಂಗಲ್ ಇರುವವರು, ಪ್ರೆಸ್ಸಿನವರು ಪ್ರಾಕ್ಸ್‌ಮಾಕ್ಸ್ ಮತ್ತು ಅದರದ್ದೇ ಬ್ಯಾಕಪ್ ಸರ್ವರ್ ಹಾಕಲಿ. ನನ್ನ ಒಲವು ಇದಕ್ಕೇ. ವಿಎಂವೇರ್ 7ರಲ್ಲಿ ಇರುವವರಿಗೆ 2025ರ ಅಕ್ಟೋಬರ್ 2ಕ್ಕೆ ಬೆಂಬಲ ಮುಗಿದಿದೆ. ಅವರು ತಡಮಾಡದೆ ಜಾಗ ಬದಲಿಸಬೇಕು.

ಯಾವುದನ್ನೇ ಹಾಕಿ, ತಿಂಗಳಿಗೊಮ್ಮೆ ಒಂದು ಮಷೀನನ್ನು ಮರಳಿ ತಂದು ನೋಡಿ. ಪ್ರಾಕ್ಸ್‌ಮಾಕ್ಸಿನಲ್ಲಾದರೆ ಹೊಸ ನಂಬರ್ ಕೊಟ್ಟು, ಯುನೀಕ್ ಎಂಬ ಚೌಕಕ್ಕೆ ಗುರುತು ಹಾಕಿ, ಮೂಲ ಮಷೀನಿನ ಜತೆ ಗೊಂದಲ ಆಗದ ಹಾಗೆ. ಚಾಲೂ ಮಾಡುವ ಮೊದಲು ಅದರ ನೆಟ್‌ವರ್ಕ್ ಸಂಪರ್ಕ ಕಡಿದಿಡಿ. ಇಲ್ಲದಿದ್ದರೆ ಒಂದೇ ಐಪಿ ವಿಳಾಸದ ಎರಡು ಟ್ಯಾಲಿ ಸರ್ವರ್ ಒಟ್ಟಿಗೆ ಎದ್ದು, ಕೌಂಟರಿನಲ್ಲಿ ಬಿಲ್ ಹಾಕುತ್ತಿರುವವರ ಕೆಲಸ ನಿಂತುಹೋಗುತ್ತದೆ.