ಎಂಟು ಇನ್‌ಸರ್ಟ್‌ನ ಬ್ಯಾರೆಲ್ ಕಿಟ್: ಒಂದು ಬೇಸಿಗೆ, ಒಂದು ಮಳೆಗಾಲ ಬಳಸಿದ ಮೇಲೆ

ಪುಣೆಯ ಹಿಂಜವಡಿಯಲ್ಲಿ ಕೆಲಸ, ವಾಕಡ್‌ನಲ್ಲಿ ಮನೆ, ತಿಂಗಳಿಗೆ ಎರಡು ಭಾನುವಾರ ಮುಳಶಿ ಕಡೆ ಪೇಂಟ್‌ಬಾಲ್, ಅಂದರೆ ಗನ್ನಿನಿಂದ ಬಣ್ಣದ ಉಂಡೆ ಹೊಡೆಯುವ ಆಟ. ನಾವು ಆರು ಜನ, ಎಲ್ಲರೂ ಕನ್ನಡದವರೇ. ಆಟದ ನಡುವೆ "ಎಡಕ್ಕೆ ಬಾ, ಟೈರ್ ಹಿಂದೆ ಇದ್ದಾನೆ" ಅಂತ ಜೋರಾಗಿ ಕೂಗಿದರೂ ಎದುರು ತಂಡಕ್ಕೆ ಅರ್ಥ ಆಗಲ್ಲ, ಅದೊಂದು ಲಾಭ. ನಷ್ಟ ಏನಂದರೆ, ನಾನು ಹೊಡೆದ ಬಾಲ್ ಒಂದು ಎದೆ ಎತ್ತರಕ್ಕೆ ಹೋದರೆ ಇನ್ನೊಂದು ಮೊಣಕಾಲಿಗೆ, ಮೂರನೆಯದು ಪಕ್ಕದ ಪೊದೆಗೆ. ಬಾಡಿಗೆ ಗನ್ನಿನ ನಳಿಕೆ, ಅಂದರೆ ಬ್ಯಾರೆಲ್ಲೇ ಸರಿ ಇಲ್ಲ ಅಂತ ತೀರ್ಮಾನ ಮಾಡಿ, ಅಮೆರಿಕದಿಂದ ಬರುತ್ತಿದ್ದ ಭಾವನ ಕೈಲಿ ಈ ಕಿಟ್ ತರಿಸಿದೆ. ಕಂಪನಿ ಹೆಸರು ಬರೆಯಲ್ಲ, ಒಂದೆರಡು ದೂರು ಇದೆ.

ಕಿಟ್‌ನಲ್ಲಿ ಏನಿದೆ ಅಂದರೆ, ಗನ್ನಿಗೆ ಕೂರುವ ಹಿಂಭಾಗ, ಎರಡೂ ಸೇರಿ 14 ಇಂಚು ಆಗುವಷ್ಟು ಉದ್ದದ ತೂತು ತೂತಿನ ಮುಂಭಾಗ, ಹಿಂಭಾಗದ ಒಳಗೆ ತೂರಿಸುವ ಎಂಟು ತೆಳು ಕೊಳವೆಗಳು. ಇವೇ ಇನ್‌ಸರ್ಟ್. 0.679 ಇಂಚಿನಿಂದ 0.695ರವರೆಗೆ ಒಂದೊಂದರ ಒಳ ಅಳತೆ ಬೇರೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಎಂಟು ಕೊಳವೆ ಯಾಕೆ ಅಂತ ನನಗೂ ಅನ್ನಿಸಿತ್ತು. ಆದರೆ ಡಬ್ಬದ ಮೇಲೆ 0.68 ಅಂತ ಇದ್ದರೂ ಬಾಲ್ ಎಲ್ಲಾ ಒಂದೇ ಸೈಜು ಇರಲ್ಲ. ಬಾಲ್ ಸಣ್ಣದಾಗಿ ಬ್ಯಾರೆಲ್ ದೊಡ್ಡದಾದರೆ ಗಾಳಿ ಬಾಲನ್ನು ತಳ್ಳುವ ಬದಲು ಪಕ್ಕದಿಂದ ನುಸುಳಿ ಹೋಗುತ್ತದೆ, ಅದೂ ಒಂದು ಬಾಲ್‌ಗೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ. ವೇಗ ಬದಲಾದರೆ ಬಾಲ್ ಎಷ್ಟು ದೂರದಲ್ಲಿ ಇಳಿಯುತ್ತದೆ ಅನ್ನೋದೂ ಬದಲಾಗುತ್ತದೆ. ನನ್ನ ಎದೆ-ಮೊಣಕಾಲಿನ ಕಥೆ ಇದೇ.

ಸರಿಯಾದ ಇನ್‌ಸರ್ಟ್ ಹುಡುಕುವುದು ಸುಲಭ, ಊದಿ ನೋಡಬೇಕು ಅಷ್ಟೇ. ಇನ್‌ಸರ್ಟ್ ಒಳಗೆ ಬಾಲ್ ಹಾಕಿ. ತಾನಾಗೇ ಉರುಳಿ ಆಚೆ ಬಿದ್ದರೆ ಸಡಿಲ. ಕೆನ್ನೆ ಉಬ್ಬಿಸಿ ಊದಿದರೂ ಕದಲದಿದ್ದರೆ ಬಿಗಿ. ಅಲ್ಲೇ ನಿಂತು, ಒಂದು ಸಣ್ಣ ಉಸಿರಿಗೆ ಪುಸಕ್ ಅಂತ ಹೊರಗೆ ಬಂದರೆ ಅದೇ ಸರಿ. ಏಪ್ರಿಲ್‌ನಲ್ಲಿ ನನಗೆ ಹೀಗೆ ಸಿಕ್ಕಿದ್ದು 0.684. ಬಾಲ್‌ನ ವೇಗ ಅಳೆಯುವ ಗ್ರೌಂಡಿನ ಕ್ರೋನೋ ಮೀಟರ್‌ನಲ್ಲಿ ಹಳೆ ಬ್ಯಾರೆಲ್ಲಿಗೆ ಹತ್ತು ಬಾಲ್ ಹೊಡೆದಾಗ ಸೆಕೆಂಡಿಗೆ 250 ಅಡಿಯಿಂದ 280ರವರೆಗೆ ಕುಣಿಯುತ್ತಿದ್ದ ಅಂಕಿ ಇದರಲ್ಲಿ 270ರ ಆಸುಪಾಸಿನಲ್ಲೇ ನಿಂತಿತು. ನಮ್ಮ ಗ್ರೌಂಡಿನಲ್ಲಿ 280ರ ಮೇಲೆ ಬಿಡಲ್ಲ, ಹಾಗಾಗಿ ಯಾರ ಗನ್ನಿಗೂ ಹೆಚ್ಚು ಜೋರಿಲ್ಲ, ಎಲ್ಲಾ ಒಂದೇ ಥರ ಬೀಳುತ್ತಿದೆಯಾ ಅನ್ನೋದೇ ಮುಖ್ಯ.

ಆಮೇಲೆ ಜುಲೈ ಬಂತು. ಮುಳಶಿ ಮಳೆ ಗೊತ್ತಲ್ವಾ, ಹಪ್ಪಳ ಕೂಡ ಡಬ್ಬದಲ್ಲೇ ಮೆತ್ತಗಾಗುತ್ತದೆ. ಪೇಂಟ್‌ಬಾಲ್‌ನ ಸಿಪ್ಪೆ ಜೆಲಾಟಿನ್, ತೇವ ಹೀರಿ ಅದೂ ಉಬ್ಬುತ್ತದೆ. ಅದೇ ಕಂಪನಿಯ ಬಾಲ್ 0.684ರಲ್ಲಿ ಸಿಕ್ಕಿಕೊಂಡು ಕೂತಿತು, ಎರಡು ಸಲ ಬ್ಯಾರೆಲ್ ಒಳಗೇ ಒಡೆಯಿತು. 0.689 ಹಾಕಿದ ಮೇಲೆ ಸರಿ ಹೋಯಿತು. ಅಂದರೆ ಎಂಟರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಎರಡು. ಗ್ರೌಂಡಿನವರು ಹೊರಗಿನ ಬಾಲ್ ಬಿಡಲ್ಲ, ಅವರ ಬಾಲೇ ಕೊಳ್ಳಬೇಕು, ಹಾಗಿರುವಾಗ ಎರಡಕ್ಕಿಂತ ಜಾಸ್ತಿ ಬೇಕಾಗುವುದೂ ಕಷ್ಟ.

ಉದ್ದದ ವಿಷಯ ನನಗೆ ನಿರಾಸೆ. 14 ಇಂಚಿನದು ನೋಡಲು ಭಾರಿ, ಆದರೆ ಬಾಲ್‌ಗೆ ಬೇಕಾದ ವೇಗ ಬಹುಪಾಲು ಮೊದಲ 8 ಇಂಚಿನಲ್ಲೇ ಸಿಕ್ಕಿಬಿಡುತ್ತದೆ. ಮುಂಭಾಗದ ಒಳ ಅಳತೆ ಹೇಗೂ ದೊಡ್ಡದು, ಬಾಲ್ ಅಲ್ಲಿ ಸುಮ್ನೆ ಹಾದು ಹೋಗುತ್ತದೆ. ಗುರಿಗೆ ಅದರಿಂದ ನನಗೇನೂ ವ್ಯತ್ಯಾಸ ಕಾಣಲಿಲ್ಲ. ತೂತುಗಳಿಂದ ಸದ್ದು ಕಮ್ಮಿ ಆಗೋದು ಮಾತ್ರ ನಿಜ, ಆ ತೂತಿನೊಳಗೆ ಬಣ್ಣ ಒಣಗಿದರೆ ಕಿವಿ ಕಡ್ಡಿ ಹಿಡಿದು ಕೂರಬೇಕು ಅನ್ನೋದೂ ನಿಜ. ರೈಫಲ್ ಥರ ಗುಂಡನ್ನು ತಿರುಗಿಸುವ ಗೆರೆ ಒಳಗೆ ಇರುವ ಬ್ಯಾರೆಲ್ ತರಿಸು ಅಂತ ಒಬ್ಬ ಗೆಳೆಯ ಹೇಳುತ್ತಾನೆ. ಒಳಗೆ ನೀರಿನಂಥ ಬಣ್ಣ ತುಂಬಿದ ಉಂಡೆಗೆ ಗೆರೆ ಏನು ಮಾಡುತ್ತದೆ? ಹಿಂದೆ ರೆಕ್ಕೆ ಇರುವ ಫಸ್ಟ್ ಸ್ಟ್ರೈಕ್ ಥರದ ಬಾಲ್ ಆದರೆ ಬೇರೆ ಮಾತು.

ಇನ್ನು ಗುರಿ ನಿಜವಾಗಿ ಸುಧಾರಿಸಿದ್ದು ಹೇಗೆ ಅಂತ ಹೇಳಬೇಕು, ಸ್ವಲ್ಪ ನಾಚಿಕೆಯ ವಿಷಯ. ಗ್ರೌಂಡಿನಲ್ಲಿ ಕೆಲಸ ಮಾಡುವ ಹುಡುಗ ಜತ್ ತಾಲ್ಲೂಕಿನವನು, ಕನ್ನಡ ಬರುತ್ತದೆ. ನಾನು ಇನ್‌ಸರ್ಟ್ ಬದಲಿಸುತ್ತಾ ಕೂತಿದ್ದಾಗ ಬ್ಯಾರೆಲ್ ಇಸ್ಕೊಂಡು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. "ಸರ, ಮೊದ್ಲ ಒಳಗ ಒರಸ್ರಿ, ಆಮ್ಯಾಲ ಬ್ಯಾರೆ ಮಾತು" ಅಂದ. ನಾನೂ ನೋಡಿದೆ. ಒಳಗೋಡೆಗೆ ಕಿತ್ತಳೆ ಬಣ್ಣದ ಒಂದು ಗೆರೆ, ಅದರ ತುದಿಯಲ್ಲಿ ಉಗುರಿನಷ್ಟು ಸಿಪ್ಪೆ ಅಂಟಿಕೊಂಡಿತ್ತು. ಅದಕ್ಕೆ ಸವರಿಕೊಂಡು ಬರುವ ಬಾಲ್ ತಿರುಗುತ್ತಾ ಹೊರಬಿದ್ದು ಎಲ್ಲಿಗೋ ಬಾಗುತ್ತದೆ, ಇನ್‌ಸರ್ಟ್ ಎಷ್ಟೇ ಸರಿ ಇದ್ದರೂ ಅಷ್ಟೇ. ಈಗ ಜೇಬಿನಲ್ಲಿ ಯಾವಾಗಲೂ ಬ್ಯಾರೆಲ್ ಒಳಗೆ ಒರೆಸುವ ಸ್ಕ್ವೀಜಿ ಇರುತ್ತದೆ, ಬಾಲ್ ಒಡೆದ ಸದ್ದು ಕೇಳಿದರೆ ಮರೆಗೆ ಕೂತು ಒಂದು ಸಲ ಎಳೆಯುತ್ತೇನೆ.

ದೂರು ಎರಡು. ಇನ್‌ಸರ್ಟ್ ಮೇಲಿನ ಅಳತೆ ಇರುವೆ ಕಾಲಿನಷ್ಟು ಸಣ್ಣ ಅಕ್ಷರ, ಮೂರು ತಿಂಗಳಲ್ಲಿ ಅಳಿಸಿಹೋಯಿತು, ಪೆನ್ನಿನಲ್ಲಿ ನಾನೇ ಬರೆದುಕೊಂಡೆ. ಎರಡನೆಯದು, ಇಷ್ಟು ಬೆಲೆಗೆ ಒಂದು ಸ್ಕ್ವೀಜಿ ಕೊಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಸ್ವಂತ ಗನ್ ಇದ್ದು ಬೇರೆ ಬೇರೆ ಬಾಲ್ ಬಳಸುವವರು ಧಾರಾಳವಾಗಿ ತಗೊಳ್ಳಿ. ನನ್ನ ಥರ ಬಾಡಿಗೆ ಗನ್ನಿನವರು ಮೊದಲು ಗ್ರೌಂಡಿನವರನ್ನು ಕೇಳಿ, ಬ್ಯಾರೆಲ್ ಬದಲಿಸಲು ಎಲ್ಲರೂ ಬಿಡಲ್ಲ. ಬ್ಯಾರೆಲ್ಲನ್ನು ಗನ್ನಿಗೆ ತಿರುಗಿಸಿ ಕೂರಿಸುವ ಥ್ರೆಡ್ ಕೂಡ ನೋಡಿಕೊಳ್ಳಿ. ನಾನು ಕೇಳದೆ ಆಟೋಕಾಕರ್ ಥ್ರೆಡ್‌ನದು ತರಿಸಿದೆ, ಗ್ರೌಂಡಿನಲ್ಲಿ ಇರೋದು ಟಿಪ್‌ಮನ್ 98 ಗನ್, ಅದರ ಥ್ರೆಡ್ಡೇ ಬೇರೆ. ತಪ್ಪು ನನ್ನದೇ. ಅಡಾಪ್ಟರ್ ಬರುವವರೆಗೆ ಐದು ವಾರ ಕಿಟ್ ಕಪಾಟಿನಲ್ಲೇ ಕೂತಿತ್ತು, ಭಾವ ಫೋನ್ ಮಾಡಿದಾಗಲೆಲ್ಲ "ಗುರಿ ಸರಿ ಆಯ್ತಾ?" ಅಂತ ಕೇಳುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ.